ದೆಹಲಿ ಮೂರೇ ಗಂಟೆ

ವಿಮಾನದಲ್ಲಿ ಮಂಗಳೂರಿನಿಂದ ದೆಹಲಿಗೆ ಮೂರೇ ಗಂಟೆ ಎಂದು ನಾನು ಹೇಳಿದ್ದು ತಪ್ಪಲ್ಲ. ಈಗಲೂ ಯಾರ ಎದುರಿಗೆ ಬೇಕಾದರೂ ಹೇಳುತ್ತೇನೆ. ನಮ್ಮ ಕಡೆ ದೂರವನ್ನು ಕಿಲೋಮೀಟರಿನಲ್ಲಿ ಯಾರೂ ಹೇಳುವುದಿಲ್ಲ. ಮೂಡಿಗೆರೆಯಲ್ಲಿ ನಿಂತು ಕಳಸ ಎಷ್ಟು ದೂರ ಎಂದು ಕೇಳಿ ನೋಡಿ. ಒಮ್ಮೆ ಆಕಾಶ ನೋಡಿ, ನಿಮ್ಮ ಗಾಡಿ ನೋಡಿ, ಆಮೇಲೆ ಗಂಟೆಯ ಲೆಕ್ಕ ಕೊಡುತ್ತಾರೆ. ಆ ಲೆಕ್ಕದಲ್ಲಿ ನಮ್ಮ ಕಾಫಿ ತೋಟಕ್ಕೆ ದೆಹಲಿಯೇನೂ ದೂರವಲ್ಲ. ಬಸ್ಸು ಹಿಡಿದು ಬೆಂಗಳೂರಿಗೆ ಹೋಗುವುದೇ ಅದಕ್ಕಿಂತ ದೂರ.

ತಂಗಿಯ ಮಗಳು ಸಿಂಚನಾಳ ಮದುವೆ ದೆಹಲಿಯಲ್ಲಿ, ಸಂಜೆಯ ಗೋಧೂಳಿ ಲಗ್ನಕ್ಕೆ ನಿಶ್ಚಯವಾಯಿತು. ನಮ್ಮಲ್ಲಿ ಮದುಮಗಳನ್ನು ಎತ್ತಿಕೊಂಡು ಮಂಟಪಕ್ಕೆ ತರಬೇಕಾದವನು ಸೋದರಮಾವ. ಆ ಹುಡುಗಿಗೆ ಇರುವ ಒಬ್ಬನೇ ಸೋದರಮಾವ ನಾನು. ಮುಂಚೆಯೇ ಹೋಗಿ ಇದ್ದುಬಿಡೋಣ ಎಂದಳು ಹೆಂಡತಿ ಸುಮಿತ್ರಾ. ಹಣ್ಣು ಕೊಯ್ಲು ನಡೆಯುವಾಗ ತೋಟ ಬಿಟ್ಟು ಹೋಗುವುದೆಂದರೇನು? ಸಂಜೆ ಹಣ್ಣು ತೂಗುವಾಗ ಮಾಲೀಕ ತಕ್ಕಡಿಯ ಎದುರಿಗೆ ಇರಬೇಕೆಂಬುದು ನಮ್ಮಪ್ಪನ ಕಾಲದಿಂದ ಬಂದ ಪದ್ಧತಿ. ನೀನು ಹೋಗಿರು, ನಾನು ಮದುವೆಯ ದಿನವೇ ಬೆಳಿಗ್ಗೆ ಹೊರಟು ಬರುತ್ತೇನೆ ಎಂದೆ. "ಅಲ್ಲ ಮಾರಾಯ್ರೇ, ವಿಮಾನ ನಮ್ಮ ಕಾಫಿ ಕಣಕ್ಕೆ ಬಂದು ನಿಲ್ತದಾ?" ಎಂದು ಕೇಳಿ ಅವಳು ಒಬ್ಬಳೇ ಹೋದಳು.

ವಿಮಾನ ಕಣಕ್ಕೆ ಬರಲಿಲ್ಲ, ನಿಜ. ಚಾರ್ಮಾಡಿ ಘಾಟಿಯಲ್ಲಿ ಲಾರಿಯೊಂದು ಅಡ್ಡ ನಿಂತಿತ್ತು. ಅದನ್ನು ನಿಲ್ಲಿಸಿದವನು ನಾನೇ? ವಿಮಾನ ನಿಲ್ದಾಣದ ತಪಾಸಣೆಯಲ್ಲಿ ನನ್ನ ಜೇಬಿನಿಂದ ಕಸಿ ಮಾಡುವ ಚಾಕು ಹೊರಬಂತು. ತೋಟದವನ ಜೇಬಿನಲ್ಲಿ ಚಾಕು ಇರದೆ ಬಾಚಣಿಗೆ ಇರುತ್ತದೆಯೇ ಎಂದು ವಾದಕ್ಕೆ ನಿಂತೆ. ರಾಜನಿಗಿಂತ ಮೊಂಡ ದೊಡ್ಡವನು ಎನ್ನುವ ಮಾತು ಅಲ್ಲಿನವರಿಗೆ ತಿಳಿದಿರಲಿಲ್ಲ. ವಾದ ಮುಗಿಯುವಷ್ಟರಲ್ಲಿ ವಿಮಾನ ನನ್ನನ್ನು ಬಿಟ್ಟು ಹಾರಿತ್ತು. ಮುಂದಿನದಕ್ಕೆ ಟಿಕೆಟ್ ತೆಗೆದುಕೊಂಡೆ. ಅದೂ ಮೂರೇ ಗಂಟೆಯಲ್ಲಿ ದೆಹಲಿ ಮುಟ್ಟಿತು, ಬೇಕಾದರೆ ವಿಚಾರಿಸಿ.

ಮದುವೆಮನೆ ಸೇರುವಾಗ ಗೋಧೂಳಿ ದಾಟಿ ಹೋಗಿತ್ತು. ತಂಗಿ ನನ್ನ ಮುಖ ನೋಡಲಿಲ್ಲ. ಎಲ್ಲ ಮುಗಿಯಿತು ಎಂದುಕೊಂಡೆ. ಸುಮಿತ್ರಾ ರಟ್ಟೆ ಹಿಡಿದು ಒಳಕೋಣೆಗೆ ಎಳೆದೊಯ್ದಳು. ಅಲ್ಲಿ ಸಿಂಚನಾ ಬಾಸಿಂಗ ಕಟ್ಟಿಕೊಂಡು ಕೂತೇ ಇದ್ದಳು. ಯಾರು ಬಂದು ಕರೆದರೂ ಎದ್ದಿರಲಿಲ್ಲವಂತೆ.

"ಮುಹೂರ್ತ ಇನ್ನೊಂದು ಸಿಗ್ತದೆ, ಸೋದರಮಾವ ಇನ್ನೊಬ್ರು ಸಿಗಲ್ಲ ಅಂತ ಹೇಳ್ದೆ, ಮಾವ."

ಅತ್ತುಬಿಟ್ಟೆ. ಹೇಳಿಕೊಳ್ಳಲು ನಾಚಿಕೆಯೇನಿಲ್ಲ. ಪುರೋಹಿತರು ಗೊಣಗುತ್ತಲೇ ಇನ್ನೊಂದು ಲಗ್ನ ಹುಡುಕಿಕೊಟ್ಟರು. ಈ ವಯಸ್ಸಿನಲ್ಲಿ ಎತ್ತುವುದು ಬೇಡ, ಕೈ ಹಿಡಿದು ಕರೆತಂದರೂ ಶಾಸ್ತ್ರ ಮುಗಿಯುತ್ತದೆ ಎಂದರು. ಕೇಳುವ ಆಸಾಮಿಯೇ ನಾನು? ಎತ್ತಿಯೇ ಬಿಟ್ಟೆ. ನಾಲ್ಕು ಹೆಜ್ಜೆ ಇಡುವಷ್ಟರಲ್ಲಿ ಸೊಂಟ ಹಿಡಿದುಕೊಂಡಿತು. ಆದರೂ ಮಂಟಪದವರೆಗೆ ಹುಡುಗಿಯನ್ನು ಕೆಳಗಿಳಿಸಲಿಲ್ಲ. ಊರಿಗೆ ಹೊರಟ ದಿನ ವಿಮಾನ ನಿಲ್ದಾಣದವರು ನನ್ನನ್ನು ಗಾಲಿಕುರ್ಚಿಯಲ್ಲಿ ಕೂರಿಸಿ ತಳ್ಳಿಕೊಂಡು ಹೋಗಿ, ಎಲ್ಲರಿಗಿಂತ ಮೊದಲು ನನ್ನನ್ನೇ ವಿಮಾನ ಹತ್ತಿಸಿದರು.