ಓಟಿಲ್ಲದ ತಮ್ಮನ ಕ್ಷೇತ್ರ

ನನ್ನ ತಮ್ಮ ದೊಡ್ಡ ರಾಜಕಾರಣಿ. ಹುಟ್ಟಿದಾಗಿನಿಂದ ಅವನು ಒಂದು ಓಟೂ ಹಾಕಿಲ್ಲ, ಅವನಿಗೂ ಯಾರೂ ಹಾಕಿಲ್ಲ, ಆದರೂ ರಾಜಕಾರಣಿಯೇ. ಅವನ ಕ್ಷೇತ್ರ ನಮ್ಮೂರ ಕಡೆ ಇಲ್ಲ, ಈಗ ಅವನು ಮಗನ ಜೊತೆಗಿರುವ ಮೆಲ್ಬರ್ನಿನ ಗ್ಲೆನ್ ವೇವರ್ಲಿಯಲ್ಲೂ ಇಲ್ಲ. ಅದಿರುವುದು ಆಫ್ರಿಕಾದ ಜಾಂಬಿಯಾದಲ್ಲಿ. ಟಾರು ರಸ್ತೆ ಮುಗಿದ ಮೇಲೂ ಅರ್ಧ ದಿನ ಹೋಗಬೇಕಂತೆ.

ಮೀಸೆ ಬಲಿಯುವ ಮುಂಚೆ ಲೆಕ್ಕದ ಮೇಷ್ಟ್ರಾಗಿ ಅಲ್ಲಿಗೆ ಹೋದವನು, ಆ ಮೀಸೆ ಬೆಳ್ಳಗಾದ ಮೇಲೆ ಇಲ್ಲಿಗೆ ಬಂದ. ನಮ್ಮೂರಲ್ಲಿ ಓಟಿನ ವಯಸ್ಸು ಬರುವಷ್ಟರಲ್ಲಿ ಊರು ಬಿಟ್ಟಿದ್ದ. ಅಲ್ಲಿ ಪರದೇಶಿ, ಓಟಿಲ್ಲ. ಇಲ್ಲಿ ಪೇರೆಂಟ್ ವೀಸಾ, ಓಟಿಲ್ಲ. ಊಟವಿಲ್ಲದವನಿಗೆ ಅಡುಗೆಯ ಮಾತು ಜಾಸ್ತಿ ಅನ್ನುವುದು ಸುಳ್ಳೇ?

ಅಲ್ಲಿಯ ನಡವಳಿಕೆ ಅವನಿಗೆ ಮೈಗಂಟಿದೆ. ಯಾರಾದರೂ ಏನಾದರೂ ಕೊಟ್ಟರೆ ಮೊಣಕಾಲು ಬಗ್ಗಿಸಿ, ಅಂಗೈ ಗುಳಿ ಮಾಡಿ ಮೆತ್ತಗೆ ಚಪ್ಪಾಳೆ ತಟ್ಟುತ್ತಾನೆ. ಅಲ್ಲಿ ಅದು ಮರ್ಯಾದೆ. ಇಲ್ಲಿ ಸೂಪರ್ ಮಾರ್ಕೆಟ್ಟಿನ ಹುಡುಗಿ ಚಿಲ್ಲರೆ ಕೊಟ್ಟಾಗಲೂ ತಟ್ಟಿದ. ಆ ಮಗು ಹೆದರಿ ಮ್ಯಾನೇಜರನ್ನು ಕರೆಯಿತು. ಮ್ಯಾನೇಜರ್ ಬಂದ. ಅವನಿಗೂ ತಟ್ಟಿದ.

ಒಮ್ಮೆ ಸಿಡ್ನಿಗೆ ಬಂದಿದ್ದ, ಸ್ಕೋಫೀಲ್ಡ್ಸ್‌ನಲ್ಲಿ ನನ್ನ ಮಗಳ ಹೊಸ ಮನೆಯ ಗೃಹಪ್ರವೇಶಕ್ಕೆ. ಊಟಕ್ಕೆ ಕೂತವರು ಮಾರ್ಟ್‌ಗೇಜು, ಟ್ರಾಫಿಕ್ಕು ಅಂತ ಗೊಣಗುತ್ತಿದ್ದರು. ಇವನಿಗೆ ಅಷ್ಟು ಸಾಕು.

"ಹೀಗೆ ಗೊಣಗಿದ್ರೆ ರಸ್ತೆ ಆಗಲ್ಲ. ಎಲ್ಲಾ ಮರದ ಕೆಳಗೆ ಬನ್ನಿ, ಸಭೆ ಸೇರೋಣ" ಎಂದ. ಅವನ ಕ್ಷೇತ್ರದಲ್ಲಿ ಯಾವ ಮಾತುಕತೆಯಾದರೂ ಮರದ ಕೆಳಗೇ ಆಗಬೇಕು. ಆದರೆ ಆ ಬಡಾವಣೆಯಲ್ಲಿ ಮರವೆಲ್ಲಿ? ಹೋದ ತಿಂಗಳು ನೆಟ್ಟ ಗಿಡ ಸೊಂಟದೆತ್ತರವಿತ್ತು. ಪಂಚೆ ಉಟ್ಟ ಐದಾರು ಇಂಜಿನಿಯರುಗಳು ಆ ಗಿಡದ ಸುತ್ತ ಕುಕ್ಕರಗಾಲಲ್ಲಿ ಕೂತರು. ಯಾರಿಗೋ ಪೂಜೆ ಇನ್ನೂ ಮುಗಿದಿಲ್ಲವೆಂದು ತೋರಿರಬೇಕು, ಗಿಡಕ್ಕೆ ಅಕ್ಷತೆ ಹಾಕಿ ಹೋದರು.

ಈ ಸಲ ನಾನು ಗ್ಲೆನ್ ವೇವರ್ಲಿಗೆ ಹೋದಾಗ ಅವನ ಕ್ಷೇತ್ರದಲ್ಲಿ ಚುನಾವಣೆ ಬಂದಿತ್ತು. ಅವನ ಹಳೆಯ ವಿದ್ಯಾರ್ಥಿನಿ ಮುತಿಂಟಾ ಎಂಪಿಗೆ ನಿಂತಿದ್ದಳು. ಹೊಳೆಗೆ ಸೇತುವೆ ಕಟ್ಟಿಸುತ್ತೇನೆ ಅನ್ನುವುದು ಅವಳ ಮಾತು.

"ಹಿಂದಿನೋರೂ ಅದನ್ನೇ ಹೇಳಿದ್ರಲ್ಲೋ" ಎಂದೆ.

"ಎಲ್ಲಾರೂ ಹೇಳ್ತಾರಕ್ಕ. ಸೇತುವೆ ಕಟ್ಬಿಟ್ರೆ ಮುಂದಿನ ಸಲ ಏನ್ ಹೇಳ್ಬೇಕು ಪಾಪ."

ಅಲ್ಲಿ ಅಭ್ಯರ್ಥಿಯ ಮುಖ ಅಚ್ಚು ಹಾಕಿದ ಬಟ್ಟೆ ಹಂಚುತ್ತಾರೆ. ಚಿತೆಂಗೆ ಅಂತಾರೆ, ಹೆಂಗಸರು ಸೊಂಟಕ್ಕೆ ಸುತ್ತಿಕೊಳ್ಳುತ್ತಾರೆ. ಮುತಿಂಟಾ ಕಳಿಸಿದ್ದರಲ್ಲಿ ಒಂದನ್ನು ನನಗೆ ಕೊಟ್ಟ. ಒಳ್ಳೆ ದಪ್ಪ ಬಟ್ಟೆ. ಕುಕ್ಕರ್ ಇಳಿಸಲು ಇದಕ್ಕಿಂತ ಒಳ್ಳೆಯ ಮಸಿಬಟ್ಟೆ ಈ ದೇಶದಲ್ಲಿ ನನಗೆ ಸಿಕ್ಕಿಲ್ಲ. ಒಂದು ವಾರಕ್ಕೆ ಮುತಿಂಟಾಳ ಮೂಗಿಗೆ ಅರಿಶಿನ ಹತ್ತಿತು.

"ಅಕ್ಕಾ, ಎಂಪಿ ಆಗೋಳ ಮುಖ ಅದು."

"ಆಗ್ಲಿ ಬಿಡು, ಆಮೇಲೆ ಒಗೀತೀನಿ. ಈಗ ಸಾರು ಉಕ್ತಿದೆ."

ಆ ರಾತ್ರಿ ಊಟದ ಹೊತ್ತಿಗೆ ಮಗನ ಹತ್ತಿರ ಬೇಡಿಕೆ ಇಟ್ಟ: ಚುನಾವಣೆಗೆ ಹೋಗಬೇಕು.

"ಅಪ್ಪಾ, ಹಾರ್ಟಿಗೆ ಸ್ಟೆಂಟ್ ಹಾಕ್ಸಿ ಇನ್ನೂ ಎಷ್ಟು ದಿನ ಆಯ್ತು? ಬಾಕ್ಸ್ ಹಿಲ್ ಡಾಕ್ಟರ್ ಫ್ಲೈಟೇ ಬೇಡ ಅಂದಿದ್ದಾರೆ. ಅಲ್ಲಿ ನಿಮಗೆ ಓಟೂ ಇಲ್ಲ. ಹೋಗಿ ಏನ್ ಮಾಡ್ತೀರ?"

"ಸಾಲಲ್ಲಿ ನಿಂತ್ಕೋತೀನಿ."

"ಓಟಿಲ್ದೆ?"

"ಪ್ರತಿ ಸಲನೂ ನಿಂತಿದ್ದೀನಪ್ಪ. ಊರೋರೆಲ್ಲ ಅಲ್ಲೇ ಸಿಗೋದು. ಬಾಗಿಲ ಹತ್ರ ಬಂದಾಗ ಪಕ್ಕಕ್ಕೆ ಸರಿದು ಮನೆಗೆ ಬರ್ತಿದ್ದೆ."

ಮಗ ತಲೆ ಹಿಡಿದುಕೊಂಡ. ಇವನು ಮೊಮ್ಮಗಳ ಕಡೆ ತಿರುಗಿ, "ಊಟ ಆಯ್ತಾ ಪುಟ್ಟಿ?" ಎಂದ.

"ಯಪ್, ತಾತಾ" ಎಂದಳು ಅವಳು, ಫೋನಿನಿಂದ ಕಣ್ಣೆತ್ತದೆ.

ಇನ್ನು ಅವನು ಆ ಊರನ್ನು ನೋಡುವುದಿಲ್ಲ ಅನ್ನುವುದು ನನಗೂ ಗೊತ್ತಾಯಿತು, ಅವನಿಗೂ. ಹೇಳಿ ಏನು ಮಾಡುವುದು? ನಾನು ಇನ್ನೊಂದು ಚಪಾತಿ ಹಾಕಿದೆ. ಅವನು ಬೇಡ ಅನ್ನಲಿಲ್ಲ, ತಿನ್ನಲೂ ಇಲ್ಲ.

ಚುನಾವಣೆಯ ದಿನ ಬೆಳಗಿನಿಂದ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಫೋನಿನ ಮುಂದೆ ಕೂತ. ತಿಂಡಿಯೂ ಬೇಡವೆಂದ. ಇಲ್ಲಿ ಮಧ್ಯಾಹ್ನವಾದಾಗ ಅಲ್ಲಿ ಬೆಳಗಾಯಿತು. ಆಗ ಮುತಿಂಟಾಳ ತಮ್ಮ ವೀಡಿಯೋ ಕಾಲ್ ಮಾಡಿದ. ನೋಡಿದರೆ ಇವನು ಲೆಕ್ಕ ಕಲಿಸಿದ ಅದೇ ಶಾಲೆ, ಗೋಡೆಯುದ್ದಕ್ಕೂ ಓಟಿನ ಸಾಲು. ನನ್ನ ತಮ್ಮ ಎದ್ದು ನಿಂತ. ಸಾಲಿನಲ್ಲಿ ಕೂತು ಮಾತಾಡುತ್ತಾರೆಯೇ?

ಆ ಹುಡುಗ ಫೋನನ್ನು ತನ್ನ ಹಿಂದಿನವರಿಗೆ ಕೊಟ್ಟ. ಹಲ್ಲಿಲ್ಲದ ಹೆಂಗಸೊಬ್ಬಳು ಇಣುಕಿದಳು. ಅಂಗೈ ಗುಳಿ ಮಾಡಿ ಚಪ್ಪಾಳೆ ತಟ್ಟಿದಳು. ಆಮೇಲೆ ಸ್ಪಷ್ಟವಾಗಿ ಹೇಳಿದಳು: "ಊಟ ಆಯ್ತಾ ಮೇಷ್ಟ್ರೇ?"

ನನ್ನ ಕೈಯಲ್ಲಿದ್ದ ಸೌಟು ಹಾಗೇ ನಿಂತಿತು.

"ಆಯ್ತು, ಆಯ್ತು" ಎಂದ ಇವನು. ಫೋನು ಮುಂದಿನ ಕೈಗೆ ಹೋಯಿತು. "ಊಟ ಆಯ್ತಾ ಮೇಷ್ಟ್ರೇ?" ಅದರ ಮುಂದಿನ ಕೈಗೆ. ಮುದುಕರು, ಮಗು ಕಟ್ಟಿಕೊಂಡ ತಾಯಂದಿರು, ಟೋಪಿ ಹಾಕಿದ ಗಂಡಸರು, ಎಲ್ಲರಿಗೂ ಅದೊಂದೇ ಕನ್ನಡ.

"ಏನೋ ಇದು?" ಎಂದೆ.

"ಲೆಕ್ಕ ಶುರು ಮಾಡೋಕೆ ಮುಂಚೆ ದಿನಾ ಕೇಳ್ತಿದ್ದೆ ಅಕ್ಕ. ಯಾರು ಹಸಿದು ಬಂದಿದಾರೆ ಅಂತ ಗೊತ್ತಾಗ್ಬೇಕಲ್ಲ."

ನನಗೂ ಏನಾದರೂ ಮಾಡಬೇಕೆನ್ನಿಸಿತು. ಮಸಿಬಟ್ಟೆ ಬಿಡಿಸಿ, ಅರಿಶಿನದ ಮೂಗಿನ ಮುತಿಂಟಾಳನ್ನು ಫೋನಿಗೆ ತೋರಿಸಿದೆ. ಆ ಕಡೆ ಸಾಲಿಗೆ ಸಾಲೇ ನಕ್ಕಿತು. ತಮ್ಮ ಗಾಬರಿಯಾದ.

"ಒಳಗಿಡಕ್ಕಾ. ಇವತ್ತು ಪ್ರಚಾರ ಮಾಡಬಾರದು. ಅವಳ ಓಟಿಗೇ ಸಂಚಕಾರ ತರ್ತೀಯ."

ಸಾಲು ಕರಗಿ ಬಾಗಿಲು ಬಂತು. ಫೋನನ್ನು ಒಳಗೆ ಒಯ್ಯುವಂತಿಲ್ಲ. ಹುಡುಗ ಕೈ ಬೀಸಿ ಆರಿಸಿದ. ನನ್ನ ತಮ್ಮ ಕಪ್ಪಾದ ಫೋನು ಹಿಡಿದುಕೊಂಡು, ಹಿಂದಿನವರಿಗೆ ದಾರಿ ಬಿಡುವವನ ಹಾಗೆ, ಸೋಫಾದ ಪಕ್ಕಕ್ಕೆ ಒಂದು ಹೆಜ್ಜೆ ಸರಿದು ನಿಂತ.

ಅಷ್ಟು ಜನಕ್ಕೂ ಆಯ್ತು ಅಂದವನ ಹೊಟ್ಟೆಯಲ್ಲಿ ಬೆಳಗಿನ ಕಾಫಿ ಬಿಟ್ಟರೆ ಏನೂ ಇರಲಿಲ್ಲ. ನಾನು ಕೇಳಲು ಹೋಗಲಿಲ್ಲ. ತಟ್ಟೆ ಇಟ್ಟೆ. ಮುತಿಂಟಾಳನ್ನು ಒಗೆಯಲು ನೆನೆಹಾಕಿ, ಕುಕ್ಕರನ್ನು ಸೆರಗಿನಲ್ಲೇ ಇಳಿಸಿದೆ.