ಕಾರವಾರದಲ್ಲಿ ನಾನು ಉಣ್ಣದ ಊಟ

ನಾನು ಸುಳ್ಳುಗಾರನಲ್ಲ. ಇದನ್ನು ಮೊದಲಿಗೇ ಹೇಳಿಬಿಡುವುದು ಒಳ್ಳೆಯದು; ಮುಂದಿನದನ್ನು ಓದಿದ ಮೇಲೆ ಹೇಳಿದರೆ ನೀವು ನಂಬಲಿಕ್ಕಿಲ್ಲ. ಕಚೇರಿಯ ಕಾಗದದಲ್ಲಿ ಇಲ್ಲದ್ದೊಂದು ಅಕ್ಷರ ಬರೆದವನಲ್ಲ, ಸಂತೆಯಲ್ಲಿ ಕೊಂಡ ಬದನೆಕಾಯಿಯ ಬೆಲೆಯನ್ನು ಮನೆಯಲ್ಲಿ ಇಳಿಸಿ ಹೇಳಿದವನಲ್ಲ. ಆದರೆ ಊಟದ ಸುದ್ದಿ ಬಂದಿತೆಂದರೆ ಮಾತ್ರ ನನ್ನ ನಾಲಿಗೆ ನನ್ನ ಮಾತು ಕೇಳುವುದಿಲ್ಲ. ಅದರಲ್ಲಿಯೂ ಒಂದು ವಿಚಿತ್ರವಿದೆ. ಹೊಟ್ಟೆ ತುಂಬ ಉಂಡ ಊಟವನ್ನು ನಾನು ಎರಡು ಮಾತಿನಲ್ಲಿ ಮುಗಿಸುತ್ತೇನೆ. ಉಣ್ಣದೆ ಬಂದ ಊಟವನ್ನು ಮೂರು ವರ್ಷ ವರ್ಣಿಸಿದೆ. ಆ ಮೂರು ವರ್ಷದ ಕೊನೆಗೆ ಒಂದು ತಿಂಗಳು ನಾನು ಪಟ್ಟ ಪಾಡು ನನ್ನ ವೈರಿಗೂ ಬೇಡ.

ಆಗ ನಾನು ಕುಷ್ಟಗಿಯ ತಹಶೀಲ ಕಚೇರಿಯಲ್ಲಿ ಗುಮಾಸ್ತ. ನಿಜಾಮರ ಆಳಿಕೆ, ಕಾಗದಪತ್ರವೆಲ್ಲ ಉರ್ದುವಿನಲ್ಲಿ, ಜಗಳ ಹರಟೆಗಳೆಲ್ಲ ಕನ್ನಡದಲ್ಲಿ. ನಮ್ಮೂರಲ್ಲಿ ಹೊರಗೆ ಉಣ್ಣುವುದೆಂದರೆ ಯಾರದಾದರೂ ಮದುವೆಗೆ ಹೋಗಿ ಉಣ್ಣುವುದೆಂದೇ ಅರ್ಥ. ಬಸ್ಸು ನಿಲ್ಲುವಲ್ಲಿ ಒಂದು ಚಹದಂಗಡಿ, ಸಂಜೆಯಾದರೆ ಅಲ್ಲಿ ಮಂಡಕ್ಕಿ ಮಿರ್ಚಿ. ಖಾನಾವಳಿ ಬೇಕಾದರೆ ಕೊಪ್ಪಳಕ್ಕೋ ಗದಗಕ್ಕೋ ಹೋಗಬೇಕು. ಅಲ್ಲಿ ಉಂಡವರು ಕೂಡ ಊರಿಗೆ ಬಂದು ಉಂಡೆವೆಂದು ಹೇಳುತ್ತಿರಲಿಲ್ಲ. ಯಾರು ಬೇಯಿಸಿದರೋ, ಯಾವ ನೀರೋ ಎಂದು ಮನೆಯ ಹಿರಿಯರು ಎರಡು ದಿನ ಗೊಣಗುತ್ತಿದ್ದರು. ಇಂಥ ಊರಿನ ಕಚೇರಿಯಲ್ಲಿ ಸಮುದ್ರವನ್ನು ಕಣ್ಣಾರೆ ಕಂಡವನು ನಾನೊಬ್ಬನೇ. ಹೀಗಿರುವಾಗ ಒಬ್ಬ ಮನುಷ್ಯ ಎಷ್ಟೆಂದು ನಾಲಿಗೆ ಬಿಗಿಹಿಡಿದಾನು?

ಸಮುದ್ರಕ್ಕೆ ಹೋದದ್ದು ಅವ್ವನ ಮೊಣಕಾಲಿನ ಸಲುವಾಗಿ. ಉಪ್ಪುನೀರಿನಲ್ಲಿ ನಿಂತರೆ ನೋವು ಹೋಗುತ್ತದೆಂದು ಯಾರೋ ಆಕೆಯ ಕಿವಿಯಲ್ಲಿ ಊದಿದ್ದರು. ಅವ್ವ, ನನ್ನ ಹೆಂಡತಿ ನೀಲವ್ವ, ನಾನು ಮೂವರೂ ಕೊಪ್ಪಳದಲ್ಲಿ ರೈಲು ಹತ್ತಿ ಹುಬ್ಬಳ್ಳಿಗೆ, ಅಲ್ಲಿಂದ ಮೋಟಾರಿನಲ್ಲಿ ಘಟ್ಟ ಇಳಿದು ಕಾರವಾರಕ್ಕೆ ಹೋದೆವು. ಜೊತೆಗೆ ಒಂದು ಟ್ರಂಕು, ಅದಕ್ಕಿಂತ ದೊಡ್ಡದೊಂದು ರೊಟ್ಟಿಯ ಬುಟ್ಟಿ. ನಮ್ಮ ಕಡೆ ಪ್ರಯಾಣವೆಂದರೆ ಹೆಂಗಸರು ಮೊದಲು ರೊಟ್ಟಿ ಬಡಿಯುತ್ತಾರೆ, ಎಲ್ಲಿಗೆ ಹೋಗುವುದೆಂದು ಆಮೇಲೆ ಕೇಳುತ್ತಾರೆ. ತಿಂಗಳಿಟ್ಟರೂ ಹಪ್ಪಳದಂತೆ ಮುರಿಯುವ ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ. ಕಡಲ ದಂಡೆಯಲ್ಲಿ ಎಲ್ಲದರೊಳಗೂ ಮೀನು ಇದ್ದೇ ಇರುತ್ತದೆ ಎಂಬುದು ಅವ್ವನ ಸಿದ್ಧಾಂತ. ಬಾವಿಯ ನೀರನ್ನು ಕೂಡ ಮೂಸಿ ನೋಡಿ ಕುಡಿದಳು. ಅಲ್ಲಿಯ ಉಪ್ಪನ್ನು ಮುಟ್ಟಗೊಡಲಿಲ್ಲ. ಮೀನು ಓಡಾಡಿದ ನೀರಿನಿಂದಲೇ ತಾನೆ ಉಪ್ಪು ಮಾಡುವುದು ಎಂದಳು. ಖಾನಾವಳಿಯ ಹೆಸರೆತ್ತಲು ನನಗಾಗಲಿ ನೀಲವ್ವನಿಗಾಗಲಿ ಧೈರ್ಯವಿರಲಿಲ್ಲ.

ಆದರೆ ಅವ್ವನ ಎಣಿಕೆಯಲ್ಲಿ ಕಡಲ ಗಾಳಿ ಸೇರಿರಲಿಲ್ಲ. ಬುಟ್ಟಿ ಬಿಚ್ಚಿದ ಮರುದಿನವೇ ರೊಟ್ಟಿಗಳೆಲ್ಲ ಒದ್ದೆ ಅರಿವೆಯಂತೆ ಮೆತ್ತಗಾಗಿ ಕೂತವು. ಮುರಿಯಲು ಬರುವುದಿಲ್ಲ, ಹರಿಯಲೂ ಬರುವುದಿಲ್ಲ. ಒಂದು ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಇನ್ನೊಂದನ್ನು ಕೈಯಿಂದ ಎಳೆಯಬೇಕು. ಇಳಿದುಕೊಂಡಿದ್ದ ಧರ್ಮಶಾಲೆಯ ಜಗಲಿಯಲ್ಲಿ ನಾವು ಮೂವರು ಹಾಗೆ ಎಳೆಯುತ್ತ ಕೂತದ್ದನ್ನು ನೋಡಲು ಹಾದಿಯವರು ನಿಲ್ಲುತ್ತಿದ್ದರು. ಎರಡನೆಯ ಮಧ್ಯಾಹ್ನ ನಾನು, ನೀಲವ್ವ ನೀರು ತರಲು ಹೋದಾಗ ಒಂದು ಓಣಿಯಲ್ಲಿ ಒಗ್ಗರಣೆಯ ವಾಸನೆ ಬಂದಿತು. ಮುಂದೆ ಬಾವಿ, ಹಿತ್ತಲಲ್ಲಿ ಹಲಸಿನ ಮರ ಇದ್ದ ಒಂದು ಹಂಚಿನ ಮನೆ. ತೆಂಗಿನೆಣ್ಣೆ, ಕರಿಬೇವು, ಜೊತೆಗೆ ಯಾವುದೋ ಹುಳಿ. ನನ್ನ ಕಾಲು ಅಲ್ಲಿಯೇ ನಿಂತಿತು. ನೀಲವ್ವ ಕೊಡ ಹಿಡಿದು ಹಿಂದೆ ನಿಂತಿದ್ದಳು. ಅಷ್ಟರಲ್ಲಿ ಒಬ್ಬ ಮುದುಕಿ ಬಾಗಿಲಿಗೆ ಬಂದು ನಮ್ಮನ್ನು ನೋಡಿದಳು. ನನಗೆ ಎಲ್ಲಿಲ್ಲದ ನಾಚಿಕೆಯಾಗಿ, ಹಲಸಿನ ಮರ ನೋಡಲು ಬಂದವನಂತೆ ಮೇಲೆ ದಿಟ್ಟಿಸಿ, ಬಿರಬಿರನೆ ನಡೆದುಬಿಟ್ಟೆ. ಕಾರವಾರದ ಊಟವೆಂದರೆ ನಾನು ಕಂಡದ್ದು ಇಷ್ಟೇ.

ಊರಿಗೆ ಬಂದ ದಿನವೇ ದಫ್ತರದ ಖಾಜಾಸಾಹೇಬರು ಕೇಳಿದರು. ಹಳೆಯ ಕಾಗದಗಳ ಗಂಟುಗಳನ್ನು ಕಾಯುವ ಕೆಲಸ ಅವರದು. ಕಾಗದಗಳು ಮಾತಾಡುವುದಿಲ್ಲವಾದ್ದರಿಂದ ನಮ್ಮನ್ನು ಮಾತಾಡಿಸುತ್ತಿದ್ದರು. ಸಮುದ್ರ ಎಷ್ಟು ದೊಡ್ಡದು ಎಂದು ಕೇಳಲಿಲ್ಲ, ಅಲ್ಲಿ ಏನುಂಡಿರಿ ಎಂದು ಕೇಳಿದರು. ಸಮುದ್ರದ ಮುಂದೆ ಕೂತು ಅವ್ವ ಕಟ್ಟಿದ ಮೆತ್ತನೆಯ ರೊಟ್ಟಿಯನ್ನು ಎಳೆದೆನೆಂದು ಹೇಳಲು ಯಾರಿಗೆ ಮನಸ್ಸು ಬಂದೀತು? ಒಬ್ಬ ಮುದುಕಿಯ ಖಾನಾವಳಿಯಲ್ಲಿ ಉಂಡೆ ಎಂದೆ. ಸಾರು ಹೇಗಿತ್ತು ಎಂದರು. ಹೇಳಿದೆ. ಅದರಲ್ಲಿ ಏನು ಹಾಕುತ್ತಾರೆ ಎಂದರು. ಮೋಟಾರಿನಲ್ಲಿ ಪಕ್ಕದವನ ಬಾಯಲ್ಲಿ ಮುರುಗಲ ಹುಳಿಯ ಹೆಸರು ಕೇಳಿದ್ದೆ, ಅದನ್ನೂ ಸೇರಿಸಿದೆ. ಮುಂದಿನ ಸಲ ಹೇಳುವಾಗ ಬಾಳೆಎಲೆ ಬಂದಿತು, ಅದರ ಮುಂದಿನ ಸಲ ಎಲೆಯ ತುದಿಗೆ ಹಲಸಿನ ಹಪ್ಪಳ ಬಂದಿತು. ಒಂದು ವರ್ಷದಲ್ಲಿ ಆ ಮುದುಕಿ ನನಗೆ ಮಗನೇ ಎಂದು ಕರೆದು, ಸಾಕೆಂದರೂ ಬಿಡದೆ ಎರಡನೆಯ ಸಲ ಸಾರು ಬಡಿಸುವ ಮಟ್ಟಕ್ಕೆ ಬಂದಳು. ಅವ್ವ ಗುಡಿಗೆ ಹೋದ ಹೊತ್ತು ನೋಡಿ ಮನೆಗೆ ಬಂದವರಿಗೂ ಇದನ್ನು ಹೇಳುತ್ತಿದ್ದೆ; ನೀಲವ್ವ ಕೇಳುತ್ತಿದ್ದಳು. ಒಂದು ದಿನವೂ ಸುಳ್ಳೆಂದು ಬಾಯಿಬಿಡಲಿಲ್ಲ. ಚಹದ ಬಟ್ಟಲು ಇಟ್ಟು ಒಳಗೆ ಹೋಗುತ್ತಿದ್ದಳು.

ಹೀಗೆಯೇ ನಡೆದುಕೊಂಡು ಹೋಗುತ್ತಿತ್ತೇನೋ. ಅಷ್ಟರಲ್ಲಿ ನಮ್ಮ ಪೇಷ್ಕಾರರಾದ ವೀರಭದ್ರಪ್ಪನವರ ಹೆಂಡತಿ ವಿಷಮಜ್ವರದಲ್ಲಿ ಮಲಗಿದರು. ಪೇಷ್ಕಾರರೆಂದರೆ ತಹಶೀಲದಾರರ ಕೆಳಗೆ, ನಮ್ಮ ತಲೆಯ ಮೇಲೆ. ಪಾರ್ವತವ್ವ ಒಳ್ಳೆಯ ಹೆಣ್ಣುಮಗಳು. ಕಚೇರಿಯ ಗುಮಾಸ್ತರನ್ನೆಲ್ಲ ತಮ್ಮಾ ಎಂದು ಕರೆಯುವರು. ಜ್ವರ ಬಿಟ್ಟಿತು, ಆದರೆ ಊಟ ಸೇರಲೊಲ್ಲದು. ಅನ್ನ ಕಂಡರೆ ಮುಖ ತಿರುಗಿಸುವರು. ಎರಡು ತಿಂಗಳಲ್ಲಿ ಕೈಬಳೆ ಮೊಣಕೈವರೆಗೆ ಜಾರುವಷ್ಟು ಇಳಿದುಹೋದರು. ರಾಯಚೂರಿನಿಂದ ಬಂದ ಡಾಕ್ಟರರು ಒಂದು ತಿಂಗಳು ಕಡಲ ಗಾಳಿಗೆ ಕರೆದುಕೊಂಡು ಹೋಗಿರೆಂದರು. ಆಕೆ ಒಪ್ಪಲಿಲ್ಲ. ಆಗ ಖಾಜಾಸಾಹೇಬರು, ಪಾಪ ಒಳ್ಳೆಯ ಮನಸ್ಸಿನಿಂದಲೇ, ಶಿವಪ್ಪನನ್ನು ಕಳಿಸಿರಿ, ಅವನ ಬಾಯಲ್ಲಿ ಕೇಳಿದರೆ ಹಸಿವೆಯಾಗುತ್ತದೆ ಎಂದು ಸಲಹೆ ಕೊಟ್ಟರು. ಶಿವಪ್ಪ ಎಂದರೆ ನಾನು.

ಹೋಗಿ ಆಕೆಯ ಮುಂದೆ ಕೂತೆ. ಗೋಡೆಗೆ ಒರಗಿದ್ದ ಪಾರ್ವತವ್ವನನ್ನು ನೋಡಿ ನಿಜ ಹೇಳಿಬಿಡಬೇಕೆಂದೇ ಬಾಯಿ ತೆರೆದೆ. ಬಂದದ್ದು ಸಾರು. ಒಗ್ಗರಣೆ ಚಟಪಟ ಅಂದದ್ದು, ಮುರುಗಲ ಹುಳಿಯ ಬಣ್ಣ, ಬಿಸಿ ಅನ್ನದ ಮೇಲೆ ಸುರಿದಾಗ ಮೇಲೆದ್ದ ಹಬೆ ಎಲ್ಲವನ್ನೂ ಹೇಳಿದೆ. ಆಕೆ ಕಣ್ಣು ಮುಚ್ಚಿ ಕೇಳಿದರು. ಆಮೇಲೆ ಮೆಲ್ಲಗೆ ಹೇಳಿದರು:

"ತಮ್ಮಾ, ಅದನ್ನ ಕೊಟ್ರ ಒಂದ್ ತುತ್ತು ಉಂಡೇನು ಅನ್ನಸ್ತೈತಿ ನೋಡು."

ಪೇಷ್ಕಾರರ ಕಣ್ಣಲ್ಲಿ ನೀರು ಬಂದಿತು. ಕೂಡಲೇ ಕಾಗದ ತೆಗೆದು ವಿಳಾಸ ಕೇಳಿದರು. ಇಲ್ಲದ ಖಾನಾವಳಿಗೆ ವಿಳಾಸವನ್ನು ಎಲ್ಲಿಂದ ತರಲಿ? ಬಾಯಿಗೆ ಬಂದದ್ದು ನಾನು ಕಂಡಿದ್ದ ಅದೊಂದೇ ಮನೆ. ಕಡಲಿಗೆ ಬೆನ್ನು ಮಾಡಿ ನಿಂತರೆ ಎಡಕ್ಕೆ ಎರಡನೆಯ ಓಣಿ, ಮುಂದೆ ಬಾವಿ, ಹಿತ್ತಲಲ್ಲಿ ಹಲಸಿನ ಮರ. ಅವರು ಅದನ್ನು ಸರಕಾರದ ಹುಕುಮಿನಂತೆ ಅಚ್ಚುಕಟ್ಟಾಗಿ ಬರೆದುಕೊಂಡು ಎರಡು ಸಲ ಓದಿ ತೋರಿಸಿದರು.

ಅವರು ಹೊರಡುವವರೆಗೆ ನಾಲ್ಕು ಸಲ ನಿಜ ಹೇಳಲು ಹೋದೆ. ಒಂದು ಸಲ ಅವರು ಪೂಜೆಯಲ್ಲಿದ್ದರು. ಒಂದು ಸಲ ನಾನು ಬಾಯಿ ತೆರೆಯುವ ಮೊದಲೇ ನನ್ನ ಉಪಕಾರವನ್ನು ಹೊಗಳಲು ಶುರುಮಾಡಿದರು. ಇನ್ನೊಂದು ಸಲ ಪಾರ್ವತವ್ವ ತಾವೇ ಎದ್ದು ಟ್ರಂಕಿನಲ್ಲಿ ಸೀರೆ ಇಡುತ್ತಿದ್ದರು. ಹಾಸಿಗೆ ಬಿಟ್ಟು ಎದ್ದದ್ದು ಅದೇ ಮೊದಲ ಸಲವಂತೆ. ಕೊನೆಗೆ ಬಸ್ಸಿನ ಹತ್ತಿರ ಹೋಗಿ, ಕಿಟಕಿ ಹಿಡಿದು, ಸಾಹೇಬರೇ ಆ ಖಾನಾವಳಿ ಎಂದೆ. ಎಡಕ್ಕೆ ಎರಡನೆಯ ಓಣಿ ಎಂದು ಅವರೇ ಪಾಠ ಒಪ್ಪಿಸಿದರು. ಅಷ್ಟರಲ್ಲಿ ಬಸ್ಸು ಕೆಮ್ಮಿ ಹೊರಟುಹೋಯಿತು.

ಮುಂದಿನ ಒಂದು ತಿಂಗಳು ನನ್ನ ಪೃಷ್ಠ ಕುರ್ಚಿಯ ಮೇಲೆ ನೆಟ್ಟಗೆ ಕೂತದ್ದಿಲ್ಲ. ಯಲಬುರ್ಗಿಗೆ ಹೋಗಬೇಕಾದ ಕಾಗದವನ್ನು ಗಂಗಾವತಿಗೆ ಕಳಿಸಿದೆ. ಅದು ತಿರುಗಿ ಬಂದಾಗ ಮತ್ತೆ ಗಂಗಾವತಿಗೇ ಕಳಿಸಿದೆ. ದಿನಕ್ಕೆ ಮೂರು ಸಲ ಬಸ್ಸು ನಿಲ್ಲುವಲ್ಲಿಗೆ ಹೋಗುತ್ತಿದ್ದೆ. ಬಸ್ಸಿನಿಂದ ಯಾರು ಇಳಿದರೂ ಚಹದಂಗಡಿಯ ಹಿಂದೆ ಸರಿಯುತ್ತಿದ್ದೆ. ನೌಕರಿಯ ಚಿಂತೆ ಇರಲಿಲ್ಲವೆಂದು ಹೇಳಿದರೆ ಇನ್ನೊಂದು ಸುಳ್ಳಾದೀತು, ಇತ್ತು. ಆದರೆ ಅದಕ್ಕಿಂತ ಹೆಚ್ಚಿಗೆ ಕಾಡಿದ್ದು ಬೇರೆ. ಗೋಡೆ ಹಿಡಿದು ನಡೆಯುವ ಆ ಹೆಣ್ಣುಮಗಳು ಒಂದು ತುತ್ತಿನ ಆಸೆಯಿಂದ ಅಷ್ಟು ದೂರ ಹೋಗಿ, ಯಾರದೋ ಮನೆಯ ಬಾಗಿಲಲ್ಲಿ ನಿಂತು, ಇದು ಖಾನಾವಳಿಯಲ್ಲವೆಂದು ಕೇಳಿಸಿಕೊಂಡು ತಿರುಗುವುದು ಕಣ್ಣಿಗೆ ಕಟ್ಟುತ್ತಿತ್ತು. ಆಮೇಲೆ ಆಕೆ ಊಟವನ್ನು ಪೂರ್ತಿ ಬಿಟ್ಟೇಬಿಟ್ಟರೆ? ನನಗೂ ಊಟ ಸೇರಲಿಲ್ಲ. ಎಲ್ಲಿ ಸಾರು ಕಂಡರೂ ಹೆದರಿಕೆ. ಏನಾಗಿದೆ ಎಂದು ನೀಲವ್ವ ಕೇಳಿದಳು. ಹೊಟ್ಟೆಯುಬ್ಬರ ಎಂದೆ. ಅಜವಾನದ ನೀರು ಕಾಸಿಕೊಟ್ಟಳು.

ತಿಂಗಳಾದ ಮೇಲೆ ಒಂದು ಮಧ್ಯಾಹ್ನ ಬಸ್ಸು ಬಂದಿತು. ನಾನು ಚಹದಂಗಡಿಯ ಕಂಬದ ಹಿಂದೆ ನಿಂತಿದ್ದೆ. ಮೊದಲು ಪೇಷ್ಕಾರರು ಇಳಿದರು. ಅವರ ಹಿಂದೆ ಪಾರ್ವತವ್ವ, ಯಾರ ಕೈಯನ್ನೂ ಹಿಡಿಯದೆ, ತಾವಾಗಿ ಇಳಿದು, ಕ್ಲೀನರನಿಗೆ ಟ್ರಂಕನ್ನು ಮೆಲ್ಲಗೆ ಇಳಿಸಲು ದೊಡ್ಡ ದನಿಯಲ್ಲಿ ಹೇಳಿದರು. ಗಲ್ಲಕ್ಕೆ ಬಣ್ಣ ಬಂದಿತ್ತು. ನನಗೆ ಕಂಬವನ್ನೇ ಅಪ್ಪಿಕೊಳ್ಳುವಷ್ಟು ಸಂತೋಷವಾಯಿತು. ಆದರೆ ಪೇಷ್ಕಾರರು ನನ್ನನ್ನು ಕಂಡು, ಸಂಜೆ ಮನೆಗೆ ಬಾ ಎಂದು ಮಾತ್ರ ಹೇಳಿದರು. ಮುಖದಲ್ಲಿ ನಗೆಯಿರಲಿಲ್ಲ.

ಸಂಜೆ ಜಗಲಿಯಲ್ಲಿ ಅವರು ಎಲೆ ಅಡಿಕೆ ಹಾಕಿಕೊಂಡು ನಿಧಾನವಾಗಿ ಹೇಳಿದರು. ಓಣಿ ಸಿಕ್ಕಿತಂತೆ, ಬಾವಿ ಸಿಕ್ಕಿತಂತೆ, ಹಲಸಿನ ಮರವೂ ಸಿಕ್ಕಿತಂತೆ. ಹೋಗಿ ಜಗಲಿಯ ಮೇಲೆ ಕೂತು ಇಬ್ಬರಿಗೆ ಊಟವೆಂದರಂತೆ. ಮುದುಕಿ ಕಕ್ಕಾಬಿಕ್ಕಿಯಾಗಿ, ಇದು ಖಾನಾವಳಿಯಲ್ಲ, ನಾನೊಬ್ಬಳೇ ಇರುವ ಮನೆ ಎಂದಳಂತೆ. ಪೇಷ್ಕಾರರು ತಮ್ಮ ಕಾಗದ ತೆಗೆದು ಓದಿದರಂತೆ. ಅಷ್ಟರಲ್ಲಿ ಅವಳು ಪಾರ್ವತವ್ವನ ಮುಖ ನೋಡಿದಳು. ಕಾಗದ ಒಳಗಿಡಿ, ಕೈಕಾಲು ತೊಳೆದು ಬನ್ನಿ ಎಂದಳು. ಆ ದಿನ ಒಂದು ತುತ್ತು, ಮರುದಿನ ಮೂರು ತುತ್ತು. ಹದಿನೈದು ದಿನಕ್ಕೆ ಪಾರ್ವತವ್ವ ಅವಳ ಜೊತೆಗೆ ಒಲೆಯ ಮುಂದೆ ಕೂತು ಕಾಯಿ ತುರಿಯತೊಡಗಿದ್ದರು. ಸಾರು ಮುರುಗಲ ಹುಳಿಯದೇ ಆಗಿತ್ತಂತೆ. ಅದನ್ನು ಕೇಳಿ ನನಗೇ ಆಶ್ಚರ್ಯವಾಯಿತು.

ನಾನು ತಲೆ ತಗ್ಗಿಸಿ, ತಪ್ಪಾಯಿತು ಸಾಹೇಬರೇ ಎಂದೆ. ಪೇಷ್ಕಾರರು ಎದ್ದು ಹೋಗಿ ಎಲೆಯ ರಸ ಉಗುಳಿ ಬಂದರು. ಆಮೇಲೆ ಅಂದರು:

"ಆ ಮುದುಕಿಗೆ ನಿಮ್ಮಿಬ್ಬರ ನೆನಪು ಐತಿ, ಶಿವಪ್ಪ. ಇಳಕಲ್ಲ ಸೀರಿ ಉಟ್ಟ ಹೆಣ್ಮಗಳು, ಆಕಿ ಗಂಡ, ಇಬ್ಬರೂ ಹಸಕೊಂಡು ಬಾಗಲದಾಗ ನಿಂತಿದ್ರಂತ. ಒಳಗ ಕರೀಬೇಕಂತ ಆಕಿ ಬರೂದ್ರಾಗ ಗಂಡ ಓಡಿದನಂತ. ಹೆಣ್ಮಗಳು ತಿರಿಗಿ ತಿರಿಗಿ ನೋಡ್ಕೋತ ಹೋದ್ಲಂತ. ಅವರನ್ನ ಕಳಸ್ರಿ, ಆ ಊಟ ಹಾಂಗ ಉಳದೈತಿ ಅಂತ ಹೇಳ್ಯಾಳ."

ನನ್ನ ಸುಳ್ಳಿನ ವಿಷಯ ಅವರು ಮತ್ತೆ ಎತ್ತಲಿಲ್ಲ, ಆ ದಿನವೂ ಇಲ್ಲ, ಮುಂದೆಯೂ ಇಲ್ಲ. ನಾನು ಗಾಳಿಯಲ್ಲಿ ತೇಲುತ್ತ ಮನೆಗೆ ಬಂದೆ. ತಿಂಗಳ ಭಾರವೆಲ್ಲ ಇಳಿದಿತ್ತು. ನೀಲವ್ವ ಅಡಿಗೆಮನೆಯಲ್ಲಿ ಹಿಟ್ಟು ನಾದುತ್ತಿದ್ದಳು. ಬಾಗಿಲಿಗೆ ನಿಂತು ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದೆ. ನೋಡು, ನನ್ನ ಸುಳ್ಳು ಒಬ್ಬರ ಜೀವ ಉಳಿಸಿತು ಎಂದೂ ಸೇರಿಸಿದೆ. ಸ್ವಭಾವ ಅಷ್ಟು ಬೇಗ ಎಲ್ಲಿ ಹೋಗುತ್ತದೆ? ಬೇಸಿಗೆಯಲ್ಲಿ ಇಬ್ಬರೂ ಕಾರವಾರಕ್ಕೆ ಹೋಗಿ ಆ ಊಟ ಉಂಡು ಬರೋಣ ಎಂದೆ.

ಅವಳು ತಲೆಯೆತ್ತಲಿಲ್ಲ. ಹಿಟ್ಟು ನಾದುತ್ತಲೇ ಹೇಳಿದಳು:

"ಮೂರು ವರ್ಷ ಆತು, ಬಂದವರ ಮುಂದೆಲ್ಲ ಆ ಊಟ ಉಂಡ್ರಿ. ಬಾಳಿಎಲಿ ಹಾಕಿಸ್ಕೊಂಡ್ರಿ, ಹಪ್ಪಳ ಕರಿಸ್ಕೊಂಡ್ರಿ. ಒಂದಿನಾನೂ ನನ್ನನ್ನ ಬಾಜೂಕ ಕುಂದರಿಸ್ಕೊಳ್ಳಲಿಲ್ಲ. ನಾನೂ ಹಸಿದಿದ್ದೆ."

ನಾನು ಬಾಗಿಲಲ್ಲಿಯೇ ನಿಂತೆ. ಮೂರು ವರ್ಷದಲ್ಲಿ ಹೇಳಿದ ಅಷ್ಟೂ ಸಲವನ್ನು ನೆನಪಿಸಿಕೊಂಡು ನೋಡಿದೆ. ಅವಳೆಂದದ್ದು ನಿಜ. ಒಂದು ಸಲವೂ ಕರೆದಿರಲಿಲ್ಲ. ದುಡ್ಡಿಲ್ಲ, ಕಾಸಿಲ್ಲ, ಬರೀ ಬಾಯಲ್ಲಿ ಉಂಡ ಊಟ ಅದು. ಮಗ್ಗುಲಿಗೆ ಇನ್ನೊಂದು ಎಲೆ ಹಾಕಿಸಲು ನನಗೇನು ಧಾಡಿಯಾಗಿತ್ತೋ ಈಗಲೂ ತಿಳಿಯದು.