ಮೂರು ಸಾವಿರ ಪೌಂಡ್ ಗಾಳಿ

ಹೊಸ ವಸ್ತುವಿನ ಜೊತೆ ಬರುವ ಸೂಚನೆಗಳ ಪುಸ್ತಕವನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದುವವನು ಇಡೀ ಮೈಸೂರಿನಲ್ಲಿ ನಾನೊಬ್ಬನೇ ಇರಬೇಕು. ಮಿಕ್ಸಿ ತಂದಾಗ ‘ಒದ್ದೆ ಕೈಯಿಂದ ಮುಟ್ಟಬೇಡಿ’ ಎಂದು ಓದಿ, ಒಂದು ವಾರ ಒಣ ಕೈಯಿಂದಲೂ ಮುಟ್ಟಿರಲಿಲ್ಲ. ಗೀಸರಿನ ಪುಸ್ತಕ ಓದಿದ ಮೇಲಂತೂ ಬಿಸಿನೀರಿನ ಆಸೆಯೇ ಹೋಯಿತು. ನನ್ನ ಈ ಸ್ವಭಾವದಿಂದ ಯಾರಿಗೂ ತೊಂದರೆಯಿಲ್ಲ ಎಂದು ಬಹಳ ಕಾಲ ನಂಬಿದ್ದೆ. ಹಾಗಲ್ಲ ಎನ್ನುವುದಕ್ಕೆ ಮನೆಯಲ್ಲೇ ಸಾಕ್ಷಿ ಇದೆ, ನನ್ನ ಹೆಂಡತಿ ಸ್ಟೆಲ್ಲಾ. ಮದುವೆಯಾದ ಹೊಸದರಲ್ಲಿ ಅವಳು ಸ್ಕೂಟರ್ ಕಲಿಯಲು ಹೊರಟಳು. ನಾನು ಹಿಂದೆಯೇ ಓಡುತ್ತಾ ‘ಬ್ರೇಕು, ಬ್ರೇಕು’ ಎಂದು ಕೂಗಿದ್ದಕ್ಕೆ ಮೂರನೇ ದಿನ ಕೀಲಿಕೈಯನ್ನು ನನ್ನ ಕೈಗೇ ಕೊಟ್ಟುಬಿಟ್ಟಳು. ಆಮೇಲೆ ಈಜು. ಹೆಂಗಸರ ಬ್ಯಾಚಿನ ಹೊತ್ತಿಗೆ ಗೇಟಿನ ಹೊರಗೆ ಲಾರಿ ಟ್ಯೂಬ್ ಹಿಡಿದು ನಿಲ್ಲುವ ಮನುಷ್ಯ ಯಾರ ಗಂಡ ಎಂಬುದು ಎಲ್ಲರಿಗೂ ಗೊತ್ತಾದ ದಿನ ಅದೂ ನಿಂತಿತು.

ಹೀಗಿರುವಾಗ ನಲವತ್ತೊಂಬತ್ತನೆಯ ವಯಸ್ಸಿನಲ್ಲಿ ಸ್ಟೆಲ್ಲಾ ಪೇಂಟ್‌ಬಾಲ್ ಆಡಲು ಸೇರಿದಳು. ಕುವೆಂಪುನಗರದ ನಮ್ಮ ಪಾರ್ಕಿನಲ್ಲಿ ಬೆಳಿಗ್ಗೆ ವಾಕಿಂಗ್ ಮಾಡುವ ಹೆಂಗಸರದ್ದೇ ಒಂದು ತಂಡ. ಊರಾಚೆಯ ಮೈದಾನದಲ್ಲಿ ಹಳೇ ಟೈರು, ಡ್ರಮ್ಮುಗಳ ಹಿಂದೆ ಅವಿತುಕೊಂಡು, ಬಣ್ಣ ತುಂಬಿದ ಗೋಲಿಗಳನ್ನು ಗಾಳಿಯ ಬಂದೂಕಿನಿಂದ ಒಬ್ಬರಿಗೊಬ್ಬರು ಹೊಡೆಯುವ ಆಟ. ಬಣ್ಣ ತಗುಲಿದವರು ಔಟ್. “ಕಣ್ಣಿಗೆ...” ಎಂದು ನಾನು ಬಾಯಿ ತೆರೆಯುವಷ್ಟರಲ್ಲಿ ಅವಳು ಕೈ ಅಡ್ಡ ಹಿಡಿದಳು. “ಮುಖಕ್ಕೆ ಮಾಸ್ಕ್ ಇದೆ. ಸ್ಕೂಟರ್ ಬಿಟ್ಟೆ, ಈಜು ಬಿಟ್ಟೆ. ಇದನ್ನ ಮಾತ್ರ ಬಿಡಲ್ಲ ಕಣ್ರೀ. ಗನ್ ತಗೊಂಡಾಯ್ತು. ಅದರ ಹಿಂದಕ್ಕೆ ಹಾಕೋ ಗಾಳಿ ಟ್ಯಾಂಕ್ ಒಂದು ಬಾಕಿ. ಅದನ್ನ ನೀವೇ ಆರಿಸ್ಕೊಡಿ. ಪಂದ್ಯಕ್ಕೆ ಇನ್ನೂ ಒಂದು ತಿಂಗಳಿದೆ.”

ನನ್ನ ಅಂಗಿಯ ಬಣ್ಣವನ್ನೂ ಅವಳೇ ಆರಿಸುವ ಮನೆಯಲ್ಲಿ, ಇಪ್ಪತ್ಮೂರು ವರ್ಷಗಳ ಮೇಲೆ ಒಂದು ಆಯ್ಕೆ ನನ್ನ ಪಾಲಿಗೆ ಬಂದಿತ್ತು. ಈ ಸಲ ಅವಳ ಆಟ ಕೆಡಿಸಬಾರದು ಎಂದು ಮನಸ್ಸಿನಲ್ಲೇ ಆಣೆ ಇಟ್ಟುಕೊಂಡು ಓದಲು ಕುಳಿತೆ. ಓದಿದ್ದೇ ತಪ್ಪಾಯಿತು.

ಕಾರಿನ ಚಕ್ರಕ್ಕೆ ಮೂವತ್ತು ಪೌಂಡ್ ಗಾಳಿ ಹಾಕಿಸುವಾಗಲೇ ರಸ್ತೆಯ ಆಚೆ ಬದಿಗೆ ಹೋಗಿ ನಿಲ್ಲುವವನು ನಾನು. ಈ ಟ್ಯಾಂಕು ನೋಡಲು ನೀರಿನ ಬಾಟಲಿಯಷ್ಟು; ಒಳಗಿನ ಒತ್ತಡ ಮೂರು ಸಾವಿರ ಪೌಂಡ್! ಅದು ಅಲ್ಯೂಮಿನಿಯಂನದು. ಕಾರ್ಬನ್ ಫೈಬರಿನದು ಹಗುರ, ಆದರೆ ಒತ್ತಡ ನಾಲ್ಕೂವರೆ ಸಾವಿರ. ಭಾರದ್ದನ್ನು ಆರಿಸಿದರೆ ಹೆಂಡತಿಯ ಭುಜ ಹೋಗುತ್ತದೆ, ಹಗುರದ್ದನ್ನು ಆರಿಸಿದರೆ ಹೆಂಡತಿಯೇ ಹೋಗುತ್ತಾಳೆ. ಎಣ್ಣೆ ತಾಗಬಾರದು, ಬಿಸಿಲಲ್ಲಿಡಬಾರದು, ಬೀಳಿಸಬಾರದು. ಹದಿನೈದು ದಿನ ಹೀಗೇ ಕಳೆದವು. ಆಫೀಸಿನಲ್ಲಿ ಫೈಲುಗಳ ಅಂಚಿನಲ್ಲೆಲ್ಲಾ ಸಿಲಿಂಡರಿನ ಚಿತ್ರ ಬರೆದಿಟ್ಟೆ. ಸ್ಟೆಲ್ಲಾ ವಾರಕ್ಕೆರಡು ಸಲ ಅಭ್ಯಾಸಕ್ಕೆ ಹೋಗಿಬರುತ್ತಿದ್ದಳು. ಪಾಪ, ಯಾರದ್ದೋ ಟ್ಯಾಂಕ್ ಬೇಡಿ ಪಡೆಯುತ್ತಿರಬೇಕು ಎಂದುಕೊಂಡು ನಾನು ಇನ್ನಷ್ಟು ಕುಗ್ಗುತ್ತಿದ್ದೆ. ಸಂಜೆ ಕಾಫಿ ಕೊಡುತ್ತಾ ಕೇಳುತ್ತಿದ್ದಳು, “ಎಲ್ಲೀವರ್ಗೆ ಬಂತ್ರೀ?”

“ವಾಲ್ವ್‌ವರೆಗೆ.”

“ಸರಿ, ನಿಧಾನಕ್ಕೆ ಓದಿ.”

ಇಷ್ಟು ತಾಳ್ಮೆ ಅವಳದ್ದಲ್ಲ. ಆಗಲೇ ಅನುಮಾನ ಬರಬೇಕಿತ್ತು.

ಕೊನೆಗೆ ಮೈದಾನದ ಮಾಲೀಕರ ಬಳಿ ಎರಡೂ ಬಗೆಯವು ಮಾರಾಟಕ್ಕಿವೆ ಎಂದು ತಿಳಿದು ಹೋದೆ. ಎರಡನ್ನೂ ಮುಂದಿಟ್ಟಾಗ ಓದಿದ್ದೆಲ್ಲಾ ಮರೆತುಹೋಗಿ ಅಮ್ಮ ನೆನಪಾದಳು. ಪಾತ್ರೆ ಅಂಗಡಿಯಲ್ಲಿ ಅಮ್ಮ ಪ್ರತಿಯೊಂದನ್ನೂ ಬೆರಳ ಗೆಣ್ಣಿನಿಂದ ತಟ್ಟಿ, ತಲೆ ವಾಲಿಸಿ ಸದ್ದು ಕೇಳಿ, ಆಮೇಲೆ ಕೈಯಲ್ಲಿ ತೂಗಿ ನೋಡುತ್ತಿದ್ದಳು. ಭಾರವಿದ್ದದ್ದು ಒಳ್ಳೆಯದು, ಅಷ್ಟೇ ಅವಳ ಶಾಸ್ತ್ರ. ನಾನೂ ತಟ್ಟಿದೆ. ಕಾರ್ಬನ್ನಿನದು ‘ದಬ್’ ಎಂದಿತು. ಅಲ್ಯೂಮಿನಿಯಂ ‘ಠಣ್’ ಎಂದಿತು. “ಸಾರ್, ಇದನ್ನ ಹಿಡ್ಕೊಂಡು ಮೇಡಂ ಓಡ್ಬೇಕು, ಸಾಂಬಾರ್ ಮಾಡೋಕಲ್ಲ,” ಎಂದರು ಮಾಲೀಕರು. ಅಮ್ಮನ ಮಗ ಠಣ್ ಎಂದದ್ದನ್ನೇ ಎತ್ತಿಕೊಂಡ. ದಾರಿಯಲ್ಲಿ ಚರ್ಚಿಗೆ ಹೋಗಿ ಫಾದರ್‌ಗೆ ತೋರಿಸಿದೆ. ಹೊಸ ಬೈಕು, ಆಟೋಗಳನ್ನೆಲ್ಲಾ ಆಶೀರ್ವದಿಸಿ ಅಭ್ಯಾಸವಿದ್ದವರು. ಎಷ್ಟು ಒತ್ತಡ ತುಂಬುತ್ತಾರೆಂದು ನಾನು ಹೇಳಿದ ಮೇಲೆ ಪವಿತ್ರ ಜಲವನ್ನು ಸ್ವಲ್ಪ ದೂರದಿಂದಲೇ ಚಿಮುಕಿಸಿದರು.

ಮೈದಾನದಲ್ಲಿ ಗಾಳಿ ತುಂಬುವ ಯಂತ್ರವಿಲ್ಲ. ಬೆಂಕಿ ಆರಿಸುವವರು ಬೆನ್ನಿಗೆ ಕಟ್ಟುವ ಸಿಲಿಂಡರುಗಳನ್ನು ತುಂಬುವ ವರ್ಕ್‌ಶಾಪೊಂದು ನಮ್ಮ ಮೈಸೂರಿನದೇ ಹೆಬ್ಬಾಳದಲ್ಲಿದೆ. ಪಂದ್ಯದ ಹಿಂದಿನ ದಿನ ಅಲ್ಲಿಗೆ ಹೋದೆ. ಮೇಸ್ತ್ರಿ ಮೂರು ಸಾವಿರಕ್ಕೆ ತುಂಬಿಸಿ ಕೈಗೆ ಕೊಟ್ಟರು. ಹೊರಗೆ ಬಿಸಿಲು ಸುಡುತ್ತಿತ್ತು. ಅದನ್ನು ಸ್ಕೂಟರಿನಲ್ಲಿ ಎರಡು ಕಾಲುಗಳ ನಡುವೆ ಇಟ್ಟುಕೊಂಡು, ಕುವೆಂಪುನಗರದವರೆಗೆ ಎಷ್ಟು ರಸ್ತೆಯುಬ್ಬುಗಳಿವೆ ಎಂದು ನೆನಪಿಸಿಕೊಂಡೆ. ಇಳಿದು ಒಳಗೆ ಹೋದೆ.

“ಸ್ವಲ್ಪ ಇಳಿಸಿಬಿಡಿ,” ಎಂದೆ. ಎರಡು ಸಾವಿರಕ್ಕೆ ಇಳಿಸಿದರು. “ಇನ್ನೂ ಸ್ವಲ್ಪ.” ಸಾವಿರಕ್ಕೆ ಬಂತು. “ಇನ್ನೊಂಚೂರು.”

ಮೇಸ್ತ್ರಿ ಕೈಯೊರೆಸಿಕೊಂಡು ನನ್ನನ್ನೇ ನೋಡಿದರು. “ಎಲ್ಲಾ ತೆಗ್ದುಬುಡ್ಲಾ ಸಾರ್? ಅಂಗಾದ್ರೆ ತುಂಬ್ಸಿದ್ದ್ಯಾಕೆ?”

“ಮನೇಲಿಡಬೇಕಲ್ಲ...”

“ಅಯ್, ಬುಡಿ ಸಾರ್. ಗಾಳಿ ತಾನೆ, ಎಲ್ಲಾ ಕಡೆ ಸಿಗ್ತದೆ,” ಎಂದು ಮೀಟರಿನ ಮುಳ್ಳನ್ನು ಸೊನ್ನೆಗೇ ತಂದು ನಿಲ್ಲಿಸಿದರು.

ದಾರಿಯುದ್ದಕ್ಕೂ ಎಂತಹ ನೆಮ್ಮದಿ! ಮನೆಯ ಗೇಟು ತೆಗೆಯುವಾಗ, ನಾನು ಮಾಡಿದ್ದೇನೆಂದು ಹೊಳೆಯಿತು. ಮತ್ತೆ ಹೆಬ್ಬಾಳ ಮುಟ್ಟುವಷ್ಟರಲ್ಲಿ ವರ್ಕ್‌ಶಾಪಿನ ಬಾಗಿಲು ಹಾಕಿತ್ತು.

ಬೆಳಿಗ್ಗೆ ಸ್ಟೆಲ್ಲಾ ಶೂ ಕಟ್ಟಿಕೊಳ್ಳುತ್ತಿದ್ದಾಗ ಟ್ಯಾಂಕನ್ನು ಎರಡೂ ಕೈಯಲ್ಲಿ ಹಿಡಿದು ಎದುರು ನಿಂತೆ. “ಸ್ಟೆಲ್ಲಾ, ಇದರಲ್ಲಿ ಗಾಳಿ ಇಲ್ಲ. ಹೆದರಿ ನಾನೇ ತೆಗೆಸಿಬಿಟ್ಟೆ. ನಿನ್ನ ಈ ಆಟಾನೂ ಕೆಡಿಸಿದೆ.” ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳು ಎದ್ದು ಅಡುಗೆಮನೆಗೆ ಹೋದಳು. ಅಕ್ಕಿ ಡ್ರಮ್ಮಿನೊಳಗೆ ಮೊಣಕೈವರೆಗೆ ಕೈ ಹಾಕಿ, ಕಪ್ಪು ಬಣ್ಣದ ಟ್ಯಾಂಕೊಂದನ್ನು ಎಳೆದು ತೆಗೆದು, ಅಂಟಿದ ಅಕ್ಕಿಕಾಳುಗಳನ್ನು ಊದಿದಳು.

“ನಮ್ಮ ಕ್ಯಾಪ್ಟನ್ ಸುಶೀಲಾ ಕೊಟ್ಟಿದ್ದು. ಒಂದು ತಿಂಗಳಿಂದ ಇದರಲ್ಲೇ ಆಡ್ತಿದ್ದೀನಿ.”

“ಮತ್ತೆ ನನಗ್ಯಾಕೆ ಆರಿಸೋಕೆ ಹೇಳಿದೆ?”

“ನಿಮಗೊಂದು ಕೆಲಸ ಹಚ್ಚದೆ ಇದ್ದಿದ್ರೆ ಮೈದಾನಕ್ಕೂ ಬಂದ್ಬುಡ್ತಿದ್ರಿ ಕಣ್ರೀ, ಲಾರಿ ಟ್ಯೂಬ್ ಹಿಡ್ಕೊಂಡು!”

ಮಧ್ಯಾಹ್ನ ಅವಳು ಮರಳಿದಾಗ ಮೈಮೇಲೆ ಒಂದು ಹನಿ ಬಣ್ಣವಿರಲಿಲ್ಲ. “ನಾಲ್ಕು ಜನಾನ ಹೊಡ್ದೆ ರೀ!” ಎಂದಳು. ಆ ಮುಖವನ್ನು ನಾನು ಇಪ್ಪತ್ಮೂರು ವರ್ಷದಲ್ಲಿ ನೋಡಿರಲಿಲ್ಲ. ನೋಡದಂತೆ ಮಾಡಿದವನೂ ನಾನೇ. ಸಂತೋಷ ನನಗೂ ಆಯಿತು, ಆಗಲಿಲ್ಲವೆಂದು ಹೇಳಲಾರೆ.

ಆದರೆ ಆ ಕಪ್ಪು ಟ್ಯಾಂಕು ಕಾರ್ಬನ್ ಫೈಬರಿನದು. ನಾಲ್ಕೂವರೆ ಸಾವಿರ ಪೌಂಡಿನದು, ಭರ್ತಿ ತುಂಬಿದ್ದು. ಅಕ್ಕಿ ಡ್ರಮ್ಮು ಗ್ಯಾಸ್ ಒಲೆಯಿಂದ ಎರಡೇ ಅಡಿ ದೂರ. ದಿನಾ ಬೆಳಿಗ್ಗೆ ಅಕ್ಕಿ ಅಳೆದುಕೊಡುವವನು ನಾನು. ಒಂದೆರಡು ಸಲ ಪಾವು ಏನಕ್ಕೋ ತಾಗಿ ‘ದಬ್’ ಎಂದದ್ದೂ ಉಂಟು. ತಳ ಬಂತೇನೋ ಎಂದು ಇನ್ನೂ ಜೋರಾಗಿ ಬಗೆದಿದ್ದೆ. “ಏನೂ ಆಗ್ಲಿಲ್ವಲ್ಲ,” ಎನ್ನುತ್ತಾಳೆ ಸ್ಟೆಲ್ಲಾ. ನಿಜ. ಆದರೂ ನನಗೆ ಗೊತ್ತಾಗದೆ, ಚಿಂತೆಯಿಲ್ಲದೆ ಕಳೆದುಹೋದ ಆ ಮೂವತ್ತು ಬೆಳಗುಗಳಿವೆಯಲ್ಲ, ಅವುಗಳ ಪಾಲಿನ ಚಿಂತೆಯನ್ನು ಈಗ ದಿನಕ್ಕೊಂದರಂತೆ ಮಾಡಿ ಮುಗಿಸುತ್ತಿದ್ದೇನೆ. ಇವತ್ತಿಗೆ ಹನ್ನೊಂದಾಯಿತು.